ಬೂದಿ ಮುದ್ರೆ ಒಡೆದ ಮಂಗಳವಾರ

ಮೊದಲಿಗೆ ಓದುಗರ ಕ್ಷಮೆ ಕೋರುತ್ತೇನೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ನನಗಿಂತ ಹಿಂದಿನವರು ಇಂತಹ ಸಂಗತಿಗಳನ್ನು ಬಾಯಿಂದ ಹೇಳುತ್ತಿದ್ದರೇ ಹೊರತು ಬರೆದಿಟ್ಟವರಲ್ಲ. ಆದ್ದರಿಂದ ಕಣದ ಪದ್ಧತಿಗಳನ್ನು ವಿವರಿಸುವಾಗ ಎಲ್ಲಾದರೂ ಕ್ರಮ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು. ನೆನಪು ನನ್ನದಾದರೂ ಅದರಲ್ಲಿ ಬೇರೆಯವರ ಮರ್ಯಾದೆಯೂ ಸೇರಿಕೊಂಡಿದೆ ಎಂಬ ಅಳುಕು ಇಷ್ಟು ವರ್ಷ ನನ್ನನ್ನು ತಡೆದಿತ್ತು.

ಆ ದಿನಗಳಲ್ಲಿ, ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿಗೆ ಸುಗ್ಗಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ಬೆಳಗಿನ ಮಂಜಿನಲ್ಲಿ ಸೊಗಡವರೆಯ ವಾಸನೆ ನಿಂತಿರುತ್ತಿತ್ತು. ಸಗಣಿ ಸಾರಿಸಿದ ಹೊಸ ಕಣದ ಹಸಿ ವಾಸನೆ, ಒಣಗಿದ ರಾಗಿ ಹುಲ್ಲಿನ ಬೆಚ್ಚನೆಯ ವಾಸನೆ ಒಂದರ ಹಿಂದೊಂದು ಬರುತ್ತಿದ್ದವು. ನಾವು ಮಕ್ಕಳು ಹುಲ್ಲಿನ ಮೆದೆಯ ನೆತ್ತಿಯಿಂದ ಜಾರಿ ಬಿದ್ದು, ಮೈಯೆಲ್ಲ ತುರಿಸಿಕೊಂಡು, ಬೈಸಿಕೊಂಡು, ಮತ್ತೆ ಹತ್ತುತ್ತಿದ್ದೆವು. ಕಣದೊಳಗೆ ಮಾತ್ರ ಈ ಆಟಗಳಿಗೆ ಪ್ರವೇಶವಿರಲಿಲ್ಲ. ಅಲ್ಲಿ ಚಪ್ಪಲಿ ಹಾಕುವಂತಿಲ್ಲ, ಸೀಟಿ ಹೊಡೆಯುವಂತಿಲ್ಲ, ‘ಮುಗೀತು’ ಎನ್ನುವಂತಿಲ್ಲ. ಕೆಲಸ ಮುಗಿದರೆ ‘ಹೆಚ್ಚಿತು’ ಎನ್ನಬೇಕು. ತಪ್ಪಿ ಬಾಯಿಬಿಟ್ಟವರ ತಲೆಯ ಮೇಲೆ ನನ್ನ ಅಜ್ಜಿಯ ಬೆರಳ ಗೆಣ್ಣು ಬೀಳುತ್ತಿತ್ತು.

ನಮ್ಮ ಕಣಕ್ಕೆ ಎರಡು ಮನೆಯ ಬಾಳು ಸೇರಿತ್ತು. ನಮ್ಮ ಮನೆಯಲ್ಲಿದ್ದದ್ದು ಒಂದೇ ಎತ್ತು. ಪಕ್ಕದ ಮನೆಯ ತಾಯಮ್ಮತ್ತೆಯವರಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದರೆ ಒಂದು ಜೊತೆ. ಆ ಜೊತೆಯಿಂದಲೇ ಎರಡೂ ಮನೆಯ ಉಳುಮೆ, ಎರಡೂ ಕಣದಲ್ಲಿ ತೆನೆ ಒಕ್ಕುವ ರೋಣಗಲ್ಲು ನಡೆಯುತ್ತಿದ್ದವು. ಆಳಿನ ಲೆಕ್ಕವೂ ಹಾಗೆಯೇ. ಅವರು ನಮ್ಮ ಹೊಲಕ್ಕೆ ಬಂದರೆ ನಾವು ಅವರ ಹೊಲಕ್ಕೆ ಹೋಗಬೇಕು. ಇದಕ್ಕೆ ಮುಯ್ಯಿ ಎನ್ನುತ್ತಿದ್ದರು. ತಾಯಮ್ಮತ್ತೆಯವರ ಯಜಮಾನರು ಗೊರೂರಿನ ಅಣೆಕಟ್ಟೆಯ ಕಡೆ ದಿನಗೂಲಿಗಿದ್ದು ಭಾನುವಾರ ಮಾತ್ರ ಊರಿಗೆ ಬರುತ್ತಿದ್ದರು. ಬೇಸಾಯವೆಲ್ಲ ಈಯಮ್ಮನದೇ. ಗಟ್ಟಿ ದನಿ, ಇನ್ನೂ ಗಟ್ಟಿ ನಗು.

“ಏನ್ ದೊಡ್ಡವ್ವ, ನಿಮ್ಮೆತ್ತು ಅಸೆಮಣೆಗ್ ಒಂಟ ಮದ್ಲಿಂಗನಂಗೆ ಮೆಲ್ಲಮೆಲ್ಲಗೆ ನಡೀತದಲ್ಲ” ಎಂದು ಅವರು ರೋಣಗಲ್ಲಿನ ಹಿಂದೆ ನಡೆಯುತ್ತಲೇ ಅಜ್ಜಿಯನ್ನು ಕೆಣಕುತ್ತಿದ್ದರು.

“ಮೆಲ್ಲಗೆ ನಡೀದೆ ಏನ್ ಮಾಡದು? ಭಾರ ಎಲ್ಲ ನಮ್ದರ ಎಗಲ ಮ್ಯಾಲೇ ಅಲ್ವ. ನಿಂದು ಬರೀ ಜೊತೇಗ್ ಬತ್ತದೆ, ನೆಂಟ್ರ ಮನೆಗ್ ಬಂದಂಗೆ.”

“ಬಂದ ನೆಂಟ್ರು ಇಲ್ಲಿ ತಿಂದದ್ದೇನು ದೊಡ್ಡವ್ವ? ಬರೀ ದೂಳು!”

ಕಣವೆಲ್ಲ ನಗುತ್ತಿತ್ತು. ಅಜ್ಜಿ ನಗುತ್ತಿರಲಿಲ್ಲ. ಆಕೆಗೆ ಎಲ್ಲರ ಮೇಲೂ ಒಂದು ಕಣ್ಣು, ತಾಯಮ್ಮತ್ತೆಯ ಮೇಲೆ ಎರಡು. ಮಧ್ಯಾಹ್ನದ ಹೊತ್ತು ಅವರ ಎತ್ತು ನಮ್ಮ ಹುಲ್ಲನ್ನು ಎಷ್ಟು ತಿಂದಿತು, ಅವರು ಮನೆಗೆ ಹೋಗುವಾಗ ಸೆರಗು ಕೊಡವಿದರೋ ಇಲ್ಲವೋ, ಕೊಡವಿದರೆ ಎಲ್ಲಿ ಕೊಡವಿದರು, ಇವೆಲ್ಲವನ್ನೂ ಆಕೆ ನೋಡಿಟ್ಟುಕೊಳ್ಳುತ್ತಿದ್ದಳು. ಐದನೆಯ ತರಗತಿಯಲ್ಲಿದ್ದ ನನ್ನನ್ನು ತನ್ನ ಮೂರನೆಯ ಕಣ್ಣಾಗಿ ನೇಮಿಸಿಕೊಂಡಿದ್ದಳು. ಕೂಲಿ, ದಿನಕ್ಕೊಂದು ಹಿಡಿ ಹುರಿದ ಅವರೆಕಾಳು. ನಾನು ಆ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡಿದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆ ವರ್ಷ ಹಳೆಯ ರಾಗಿ ತೀರುತ್ತ ಬಂದಿತ್ತೆಂದು ಸಂಕ್ರಾಂತಿಯವರೆಗೆ ಕಾಯದೆ ಅರ್ಧ ಮೆದೆಯನ್ನು ಮುಂಚೆಯೇ ಒಕ್ಕಿದೆವು. ಸೋಮವಾರ ಸಂಜೆ ಗಾಳಿ ಚೆನ್ನಾಗಿ ಬಂದು, ತೂರಿ, ರಾಶಿ ಮಾಡಿಯೂ ಆಯಿತು. ಮರುದಿನ ಮಂಗಳವಾರ, ನಮ್ಮ ಮನೆಯಲ್ಲಿ ಮಂಗಳವಾರ ಧಾನ್ಯ ಅಳೆಯುವುದಿಲ್ಲ. ಹಾಗಾಗಿ ರಾಶಿ ಪೂಜೆ ಬುಧವಾರವೆಂದು ಗೊತ್ತಾಯಿತು. ಅಲ್ಲಿಯವರೆಗೆ ರಾಶಿ ಕಣದಲ್ಲೇ ಇರಬೇಕು, ಒಂದು ಕಾಳೂ ಹೊರಗೆ ಹೋಗಬಾರದು. ಪೂಜೆಯಾದ ಮೇಲೆ ಮೊದಲ ಮೊರ ಊರಮ್ಮನಿಗೆ, ಆಮೇಲೆ ಮುಯ್ಯಿಗೆ ಬಂದವರಿಗೆ, ಬೇಡಿ ಬಂದವರಿಗೆ. ಕೊನೆಯಲ್ಲಿ ಮನೆಗೆ. ಕೊಟ್ಟು ಮಿಕ್ಕಿದ್ದೇ ನಮ್ಮದು ಎನ್ನುವುದು ಕಣದ ನಂಬಿಕೆ.

ಅದಕ್ಕಾಗಿಯೇ ಮುದ್ರೆ. ಅಂಗೈಯಗಲದ ಹಲಸಿನ ಮರದ ತುಂಡು. ಅದರ ಮುಖದಲ್ಲಿ ಒಂದು ವೃತ್ತ, ವೃತ್ತದೊಳಗೆ ನಾಲ್ಕು ಗೆರೆ. ಅಜ್ಜಿ ರಾಶಿಯ ನೆತ್ತಿಯಲ್ಲಿ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕನನ್ನು ಕೂರಿಸಿ, ನಾಲ್ಕು ದಿಕ್ಕಿಗೂ ಜರಡಿ ಹಿಡಿದ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದಳು. ರಾಗಿ ಸಣ್ಣ ಕಾಳಾದ್ದರಿಂದ ಗೆರೆಗಳು ಅಚ್ಚುಕಟ್ಟಾಗಿ ಮೂಡುತ್ತಿದ್ದವು. ಯಾರು ಕೈಹಾಕಿದರೂ ಮುದ್ರೆ ಒಡೆಯುತ್ತದೆ. ಕಾಳು ಮತ್ತೆ ಮುಚ್ಚಬಹುದು, ಗೆರೆ ಮತ್ತೆ ಬರೆಯಲಾಗುವುದಿಲ್ಲ.

“ಗುಬ್ಬಿ ಕೂತ್ರೆ ಗುಬ್ಬಿ ಕಾಲು ಕಾಣ್ತದೆ, ಇಲಿ ಬಂದ್ರೆ ಇಲಿ ಕಾಲು ಕಾಣ್ತದೆ” ಎಂದು ಅಜ್ಜಿ ಕೈ ಒರೆಸಿಕೊಂಡಳು. “ಮನುಸ್ರು ಬಂದ್ರೆ ಅವ್ರ ಬುದ್ಧಿ ಕಾಣ್ತದೆ ಕಣವ್ವ. ಕಣ್ ಮಿಟುಕುಸ್ದೆ ಕಾಯಿ.”

ಮಂಗಳವಾರ ನನಗೆ ಶಾಲೆ ತಪ್ಪಿತು. ಅಪ್ಪ ಪೂಜೆಯ ಸಾಮಾನು ತರಲು ಹೊಳೆನರಸೀಪುರಕ್ಕೆ ಹೋಗಿದ್ದರು. ಅಜ್ಜಿ ಮನೆಯಲ್ಲಿ ಮಡಿ ಮಾಡಿಕೊಂಡು ಪೂಜೆಯ ಪಾತ್ರೆ ಬೆಳಗುತ್ತಿದ್ದಳು. ನಾನು ಮೆದೆಯ ನೆರಳಿನಲ್ಲಿ ಕುಳಿತು ಮುದ್ರೆಗಳನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವ್ವ ಕುಕ್ಕೆಯಲ್ಲಿ ರೊಟ್ಟಿ ತಂದಳು. ನಾನು ತಿಂದಾದ ಮೇಲೆ, “ಎತ್ತು ಬಾಯಾರ್ಕಂಡ್ ನಿಂತದೆ. ಕೆರೇಲಿ ನೀರ್ ಕುಡುಸ್ಕಂಡ್ ಬಾ ಮಗ, ನಾನಿರ್ತೀನಿ” ಎಂದಳು. ನಾನು ಹೋಗಿ ಬಂದೆ. ಅವ್ವ ಕುಕ್ಕೆಗೆ ಬಟ್ಟೆ ಮುಚ್ಚಿ ಮನೆಗೆ ಹೊರಟಳು. ಬರುವಾಗ ಸೊಂಟದ ಮೇಲಿದ್ದ ಕುಕ್ಕೆಯನ್ನು ಹೋಗುವಾಗ ತಲೆಯ ಮೇಲಿಟ್ಟು ಎರಡು ಕೈಯಲ್ಲಿ ಹಿಡಿದಿದ್ದಳು. ಅವಳ ಮುಂಗೈಯಲ್ಲಿ ಬೂದಿಯಿತ್ತು. ಇವೆರಡನ್ನೂ ನಾನು ಕಂಡೆ. ಆದರೆ ಒಲೆಯ ಮುಂದೆ ಇರುವವಳ ಕೈಯಲ್ಲಿ ಬೂದಿ ಇರುವುದು ಸಹಜವಲ್ಲವೇ?

ನೆತ್ತಿಗೆ ಬಿಸಿಲು ಬಂದಾಗ ಅಜ್ಜಿ ಬಂದಳು. ರಾಶಿಯನ್ನು ಒಂದು ಸುತ್ತು ಬಂದು, ನನಗೆ ಕಾಣದ ಹಿಂಬದಿಯಲ್ಲಿ ನಿಂತುಬಿಟ್ಟಳು.

“ಲೇ ಮಂಜಿ! ಬಾ ಇಲ್ಲಿ!”

ಮೂಡಲ ದಿಕ್ಕಿನ ಮುದ್ರೆ ಒಡೆದಿತ್ತು. ವೃತ್ತ ಅರ್ಧವಾಗಿತ್ತು, ಗೆರೆಗಳಿದ್ದ ಜಾಗ ಗುಳಿ ಬಿದ್ದು ಮತ್ತೆ ಸವರಿದಂತಿತ್ತು.

“ಯಾರ್ ಬಂದಿದ್ರು ಕಣಕ್ಕೆ?”

“ಯಾರೂ ಬಂದಿಲ್ಲ ಅಜ್ಜಿ.”

ನಾನು ಸುಳ್ಳು ಹೇಳಲಿಲ್ಲ. ಕಣಕ್ಕೆ ಬಂದವರು ಯಾರೆಂದು ಕೇಳಿದಾಗ ಅವ್ವನನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವ್ವ ಬರುವವಳಲ್ಲ, ಇರುವವಳು.

ಅಜ್ಜಿ ಗುಳಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, “ಓಗು, ಪಕ್ಕದ ತಾಯಮ್ಮನ್ ಮನೆಗೋಗು. ನೊಗದ ಅಗ್ಗ ಬೇಕಂತೆ ಅಂತ ಕೇಳು. ಕೇಳ್ತಾ ಕೇಳ್ತಾ ಮೂಲೆಮೂಲೆ ಕಣ್ಣಾಡ್ಸು. ಬಾಯಿ ಬುಡ್ಬ್ಯಾಡ” ಎಂದಳು.

ನಾನು ಹೋದೆ. ತಾಯಮ್ಮತ್ತೆ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ರಾಗಿ ಕೇರುತ್ತಿದ್ದರು. ಅವರ ರಾಗಿ ಇನ್ನೂ ಮೆದೆಯಲ್ಲಿತ್ತು, ಒಕ್ಕಿರಲಿಲ್ಲ. ಹಳೆಯ ರಾಗಿಗೆ ಅಷ್ಟು ಕೆಂಪು ಇರುವುದಿಲ್ಲ. ಮೊರದ ಅಂಚಿನಲ್ಲಿ, ಹೊಟ್ಟಿನ ಜೊತೆಗೆ, ಬೂದಿಯ ಸಣ್ಣ ಸಣ್ಣ ಚೂರುಗಳು ಬೇರೆಯಾಗಿ ಕೂಡುತ್ತಿದ್ದವು.

“ಬಾ ಬಾ, ಕಣದ ಪೋಲೀಸಮ್ಮ! ಏನ್ ಬೇಕಾಗಿತ್ತು?”

“ಅಗ್ಗ... ನೊಗದ್ದು.”

“ಅಗ್ಗ ನಿಮ್ಮನೇಲೇ ಅದಲ್ಲವ್ವ. ನಿನ್ನೆ ನಿಮ್ಮಪ್ಪನ್ ಕೈಗೇ ಕೊಟ್ನಲ್ಲ” ಎಂದು ನಕ್ಕು, ಒಳಗಿನಿಂದ ಒಂದು ತಂಬಿಟ್ಟಿನ ಉಂಡೆ ತಂದು ನನ್ನ ಕೈಯಲ್ಲಿಟ್ಟರು. “ತಿನ್ನು. ಒಸ ರಾಗೀದು. ಈಗ ತಾನೆ ಉರ್ದು ಕುಟ್ಟಿ ಬೆಲ್ಲ ಆಕಿ ಕಟ್ಟಿದ್ದು.”

ಅವರು ಅಷ್ಟು ಬಹಿರಂಗವಾಗಿ ಹೇಳಿದ್ದು ನನ್ನ ಅನುಮಾನವನ್ನು ತೊಡೆಯಲಿಲ್ಲ, ಬಲಪಡಿಸಿತು. ಕದ್ದವರು ಅಂಜಬೇಕು, ಇವರು ಅಂಜುತ್ತಿಲ್ಲ, ಎಂದರೆ ಎಷ್ಟು ಪಳಗಿದ ಕೈ ಇರಬೇಕು! ಉಂಡೆ ಕೊಟ್ಟದ್ದು ನನ್ನ ಬಾಯಿ ಮುಚ್ಚಿಸಲು. ಹೀಗೆಲ್ಲ ಯೋಚಿಸುತ್ತ ದಾರಿಯಲ್ಲಿ ಉಂಡೆಯನ್ನು ಪೂರ್ತಿ ತಿಂದೆ. ಬೆಲ್ಲದ ಜೊತೆಗೆ ಏಲಕ್ಕಿಯೂ ಇತ್ತು. ಬೆರಳು ನೆಕ್ಕಿಕೊಂಡು ಹೋಗಿ ಅಜ್ಜಿಗೆ ಹೇಳಿದೆ: “ಒಂದು ಮೊರ ಒಸ ರಾಗಿ ಅದೆ ಅಜ್ಜಿ. ಅದ್ರಲ್ಲಿ ಬೂದಿ ಅದೆ.” ಉಂಡೆಯ ವಿಷಯ ಹೇಳಲಿಲ್ಲ.

ಸಂಜೆ ಅಪ್ಪ ಬಂದಾಗ ಅಜ್ಜಿ ಎಲ್ಲವನ್ನೂ ಒಪ್ಪಿಸಿದಳು. ಅಪ್ಪ ಚೀಲ ಕೆಳಗಿಡುತ್ತ, “ಓಗ್ಲಿ ಬುಡವ್ವ, ಒಂದ್ ಮೊರ ರಾಗಿಗೆ ಜೊತೆ ಎತ್ತು ಕಳ್ಕಳನ?” ಎಂದರು.

“ರಾಗಿಗಲ್ಲ ಕಣ್ಲಾ. ದೇವ್ರ ಪಾಲು ಎತ್ತಕ್ ಮದ್ಲೇ ಓಯ್ತಲ್ಲ, ಅದ್ಕೆ. ಅದು ನಿನ್ನೆತ್ತಿಗ್ ಗೊತ್ತಾಗದಿಲ್ಲ, ನಿಂಗೂ ಗೊತ್ತಾಗದಿಲ್ಲ.”

ಅವ್ವ ಒಲೆಯ ಮುಂದಿದ್ದಳು. ಆ ಹೊತ್ತಿನ ರೊಟ್ಟಿ ಸೀದಿತ್ತು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ತಿಂದಳು.

ಇಲ್ಲಿ ಒಂದು ಹಿಂದಿನ ಸಂಗತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ವರ್ಷ ಗೌರಿ ಹಬ್ಬ ಕಳೆದ ವಾರದಲ್ಲಿ ಅವ್ವನಿಗೆ ವಿಪರೀತ ಜ್ವರ ಬಂದಿತ್ತು. ಅಪ್ಪ ಅರಕಲಗೂಡಿನ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಕಷಾಯ ಕೊಡುತ್ತಿದ್ದಳು. ನಾಲ್ಕನೆಯ ದಿನ ಅವ್ವ ಮಾತು ತೊದಲತೊಡಗಿದಾಗ, ತಾಯಮ್ಮತ್ತೆ ಯಾರನ್ನೂ ಕೇಳದೆ ಅವಳನ್ನು ಎಬ್ಬಿಸಿ, ಹೆಗಲು ಕೊಟ್ಟು ರಸ್ತೆಯವರೆಗೆ ನಡೆಸಿ, ಬಸ್ಸು ಹತ್ತಿಸಿ ಆಸ್ಪತ್ರೆಗೆ ಸೇರಿಸಿದರು. ಐದು ದಿನ ಜೊತೆಗಿದ್ದರು. ತಮ್ಮ ಹೊಲದ ಕಳೆ ಹಾಗೆಯೇ ನಿಂತಿತ್ತು. ಅವ್ವ ಬದುಕಿ ಬಂದಳು. ತನ್ನ ಕಷಾಯದಿಂದಲೇ ಜ್ವರ ಬಿಟ್ಟದ್ದೆಂದು ಅಜ್ಜಿ ಊರಿಗೆಲ್ಲ ಹೇಳಿದಳು.

ಬುಧವಾರ ಬೆಳಿಗ್ಗೆ ಕಣದಲ್ಲಿ ಎಲ್ಲರೂ ಕೂಡಿದೆವು. ಎತ್ತುಗಳ ಹಣೆಗೆ, ನೊಗಕ್ಕೆ, ರೋಣಗಲ್ಲಿಗೆ ಕುಂಕುಮ ಇಟ್ಟಾಗಿತ್ತು. ತುಂಬೆ ಹೂವು, ಹುಚ್ಚೆಳ್ಳಿನ ಹಳದಿ ಹೂವು ಬೆನಕನ ಮುಂದಿದ್ದವು. ಅವ್ವ ಎಡೆಯ ತಟ್ಟೆ ಹಿಡಿದು ನಿಂತಿದ್ದಳು. ಅವರೆಕಾಳಿನ ಹುಳಿಯ ಹಬೆ ಅವಳ ಮುಖಕ್ಕೆ ಹೊಡೆಯುತ್ತಿತ್ತು. ತಾಯಮ್ಮತ್ತೆ ಒಗೆದ ಸೀರೆ ಉಟ್ಟು, ತಮ್ಮ ಎತ್ತಿನ ಬೆನ್ನು ತಟ್ಟುತ್ತ ಬಂದು ನಿಂತರು.

ಅಜ್ಜಿ ಕರ್ಪೂರ ಹಚ್ಚಲಿಲ್ಲ.

“ತಾಯಮ್ಮ, ಇಲ್ ಬಾ. ರಾಶಿ ಮ್ಯಾಲೆ ಕೈ ಮಡುಗು.”

“ಯಾಕ್ ದೊಡ್ಡವ್ವ?”

“ಮಡುಗು ಅಂದೆ. ಈ ರಾಶಿಯಿಂದ ಒಂದ್ ಕಾಳೂ ನಮ್ಮನೆಗ್ ಬಂದಿಲ್ಲ ಅಂತ ಬೆನಕನ ಮುಂದೆ ಏಳು. ಆಮೇಲೆ ಕರ್ಪೂರ ಅಚ್ತೀನಿ.”

ತಾಯಮ್ಮತ್ತೆಯ ನಗು ಎಲ್ಲಿ ಹೋಯಿತೋ. ಅವರು ಒಮ್ಮೆ ಅವ್ವನ ಕಡೆ ನೋಡಿದರು, ತಕ್ಷಣ ಕಣ್ಣು ತೆಗೆದರು. ಬಹುಶಃ ಅವ್ವ ಮನೆಯವರನ್ನು ಕೇಳಿಯೇ ಕೊಟ್ಟಿದ್ದಾಳೆಂದು ಅವರು ಅಲ್ಲಿಯವರೆಗೆ ನಂಬಿದ್ದರು.

“ಆಣೆ ಇಡಾಕಾಗಲ್ಲ ದೊಡ್ಡವ್ವ. ರಾಗಿ ನಮ್ಮನೇಲದೆ” ಎಂದರು. “ಕದ್ದದ್ದಲ್ಲ. ಅಷ್ಟ್ ಮಾತ್ರ ಏಳ್ತೀನಿ. ಮಿಕ್ಕಿದ್ ಕೇಳ್ಬ್ಯಾಡಿ.”

“ಕದಿಯದೆ ರಾಗಿಗೆ ಕಾಲ್ ಬಂದ್ವ? ಕೊಟ್ಟೋರ್ ಯಾರು, ಏಳು!”

ಮುಯ್ಯಿಗೆ ಬಂದಿದ್ದ ಆಚೆ ಬೀದಿಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟ ಊರಿಗೆ ತಲುಪಲು ಒಂದು ಗಳಿಗೆ ಸಾಕು. ಇನ್ನು ಮುಂದೆ ಯಾರ ಕಣಕ್ಕೆ ಹೋದರೂ ತಾಯಮ್ಮತ್ತೆ ಕಳ್ಳಿ ಎನಿಸಿಕೊಳ್ಳುತ್ತಾರೆ ಎಂಬುದು ಹತ್ತು ವರ್ಷದ ನನಗೂ ತಿಳಿಯಿತು. ತಿಳಿದು, ಒಳಗೊಳಗೆ ಹೆಮ್ಮೆಯೂ ಆಯಿತು, ಹಿಡಿದುಕೊಟ್ಟವಳು ನಾನಲ್ಲವೇ.

“ನಾನೇ ಕೊಟ್ಟೆ ಅತ್ತೆ.”

ಅವ್ವ ತಟ್ಟೆಯನ್ನು ನೆಲದ ಮೇಲಿಟ್ಟಿದ್ದಳು.

“ನಿನ್ನೆ ಮಂಜೀನ ಕೆರೆಗ್ ಕಳ್ಸಿ ನಾನೇ ತಗಂಡೆ. ಆಸ್ಪತ್ರೇಲಿ ಅರಕೆ ಒತ್ತಿದ್ದೆ. ಬದುಕಿ ಬಂದ್ರೆ ಈ ವರ್ಸದ ಮದ್ಲ ಮೊರ ತಾಯಕ್ಕಂಗೆ ಅಂತ. ಪೂಜೆ ಆದ್ಮೇಲೆ ಕೊಟ್ರೆ ಅದು ಎರಡ್ನೇದಾಯ್ತದೆ.”

“ಅರಕೆ ದೇವ್ರಿಗೆ ಒರ್ತಾರೆ. ಮನುಸ್ರಿಗೆ ಒರ್ತಾರ?” ಅಜ್ಜಿ ಅವ್ವನ ಕಡೆ ತಿರುಗಿದಳು. “ಊರಮ್ಮಂಗಿಂತ ಇವ್ಳು ಮದ್ಲಾದ್ಲ ನಿಂಗೆ?”

“ಕಣ್ ಬುಟ್ಟಾಗೆಲ್ಲ ಇವ್ರೇ ಕುಂತಿದ್ರು ಅತ್ತೆ. ನಂಗ್ ಕಂಡದ್ದು ಇವ್ರೇ.”

ಅಪ್ಪ ಎತ್ತಿನ ಹಗ್ಗವನ್ನು ಸುತ್ತುತ್ತಲೂ ಬಿಚ್ಚುತ್ತಲೂ ಇದ್ದರು. ಈ ಹೊತ್ತಿಗೆ ಒಂದು ಮಾತು, ‘ಒಳ್ಳೇದೇ ಮಾಡಿದೆ’ ಎಂಬ ಒಂದೇ ಮಾತು ಅವರ ಬಾಯಿಂದ ಬಂದಿದ್ದರೆ ಎಂದು ಈಗ ಅನ್ನಿಸುತ್ತದೆ. ಬರಲಿಲ್ಲ.

ತಾಯಮ್ಮತ್ತೆ ಸರಸರನೆ ಮನೆಗೆ ಹೋದರು. ಹಿಂದಿರುಗಿದಾಗ ಅವರ ಕೈಯಲ್ಲಿ ಮೊರವಿತ್ತು. ಕೇರಿ ಹಸನು ಮಾಡಿದ ರಾಗಿ, ಒಂದು ಚೂರು ಬೂದಿಯೂ ಉಳಿದಿರಲಿಲ್ಲ. ಅದನ್ನು ಮೂಡಲ ಕಡೆಯ ಗುಳಿಗೆ ನಿಧಾನವಾಗಿ ಸುರಿದರು.

“ಬ್ಯಾಡ ತಾಯಕ್ಕ, ನಿಮ್ ಕಾಲಿಗ್ ಬೀಳ್ತೀನಿ” ಎಂದು ಅವ್ವ ಅವರ ಕೈ ಹಿಡಿಯಲು ಹೋದಳು.

“ನಿನ್ ಅರಕೆ ನಂಗ್ ಸಂದ್ತು ಜಯಾ. ನಿಮ್ಮತ್ತೆ ರಾಗಿ ಅವ್ರ ರಾಶಿಗ್ ಬರ್ಲಿ. ಒಕ್ಕಲು ತಣ್ಣಗಿರ್ಲಿ.”

ಅಜ್ಜಿ ಬಗ್ಗಿ ಸುರಿದ ರಾಗಿಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ಕೇಳಿದಳು: “ಇಷ್ಟೇನಾ?”

“ಇಲ್ಲ. ಒಂದಿಡಿ ಕಡ್ಮೆ ಅದೆ” ಎಂದು ತಾಯಮ್ಮತ್ತೆ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ; ಅದಿದ್ದಿದ್ದರೆ ನಾನು ಇಷ್ಟು ವರ್ಷ ನೆನೆಯುತ್ತಿರಲಿಲ್ಲವೇನೋ. “ಅದ್ರ ತಂಬಿಟ್ಟ ನಿಮ್ ಮೊಮ್ಮಗಳು ತಿಂದವ್ಳೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವ ಮಾತ್ರ ತಿರುಗಲಿಲ್ಲ.

ತಾಯಮ್ಮತ್ತೆ ತಮ್ಮ ಎತ್ತಿನ ಹಗ್ಗ ಬಿಚ್ಚಿಕೊಂಡು ಹೊರಟರು. ಒಂಟಿಯಾಗಿ ನಿಂತ ನಮ್ಮ ಎತ್ತು ಅದರ ಹಿಂದೆಯೇ ನಾಲ್ಕು ಹೆಜ್ಜೆ ನಡೆಯಿತು; ಅಪ್ಪ ಹಿಡಿದೆಳೆದು ನಿಲ್ಲಿಸಿದರು. ಅಜ್ಜಿ ಕರ್ಪೂರ ಹಚ್ಚಿದಳು. ಪೂಜೆ ಕ್ರಮಬದ್ಧವಾಗಿಯೇ ನಡೆಯಿತು. ಊರಮ್ಮನಿಗೆ ಮೊದಲ ಮೊರ ಹೋಯಿತು. ಅದನ್ನು ಅಜ್ಜಿ ಮೂಡಲ ಕಡೆಯಿಂದ ತೆಗೆದಳೋ ಬೇರೆ ಕಡೆಯಿಂದಲೋ ನನಗೆ ನೋಡುವ ಧೈರ್ಯವಾಗಲಿಲ್ಲ.

ಒಂದು ಅನುಮಾನ ಮಾತ್ರ ಈಗಲೂ ಉಳಿದಿದೆ. ಗುಳಿಯ ಪಕ್ಕ ಅಷ್ಟು ಹೊತ್ತು ಕುಳಿತಿದ್ದ ಅಜ್ಜಿಗೆ ಅದು ಯಾರ ಕೈಯೆಂದು ಆಗಲೇ ಗೊತ್ತಾಗಿತ್ತೇ? ಸೊಸೆಯ ಬಾಯಿ ಬಿಡಿಸಲೆಂದೇ ನೆರೆಯವಳ ಮೇಲೆ ಆಣೆಯ ಭಾರ ಹೊರಿಸಿದಳೇ? ನೆರೆಮನೆಗೆ ನನ್ನನ್ನು ಕಳಿಸಿದ್ದು ಹುಡುಕಲಿಕ್ಕೋ, ಸಾಕ್ಷಿ ಹೇಳಿಸಲಿಕ್ಕೋ? ಬಿ.ಎ. ಮುಗಿಸಿ ಬಂದ ವರ್ಷ ಧೈರ್ಯ ಮಾಡಿ ಕೇಳಿದೆ. ಆಗ ಅಜ್ಜಿಗೆ ಕಣ್ಣು ಮಂಜಾಗಿತ್ತು. “ಓದ್ದೋಳು ನೀನು, ನೀನೇ ಏಳು” ಎಂದು ಮಗ್ಗುಲಾದಳು.

ಆಮೇಲೆ ನಮ್ಮ ಮನೆಯಲ್ಲಿ ಆದದ್ದಿಷ್ಟು. ಮುಯ್ಯಿ ನಿಂತಿತು. ಎತ್ತಿನ ಜೊತೆ ಮುರಿಯಿತು. ಮರುವರ್ಷ ಅಪ್ಪ ನಮ್ಮ ಎತ್ತನ್ನು ಮಾರಿದರು. ಆ ತಿಂಗಳೇ ಒಲೆ ಎರಡಾಯಿತು. ಒಂದೇ ಸೂರಿನಡಿ ಅಜ್ಜಿ ಹಜಾರದ ಮೂಲೆಯಲ್ಲಿ, ಅವ್ವ ಅಡುಗೆಮನೆಯಲ್ಲಿ. ಅಪ್ಪ ಬೆಳಿಗ್ಗೆ ಒಂದು ಕಡೆ, ರಾತ್ರಿ ಒಂದು ಕಡೆ ಉಣ್ಣುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೂ ಆ ಮೂಲೆಯ ಒಲೆಯನ್ನು ಅವ್ವ ಕೆಡವಲಿಲ್ಲ, ಹಚ್ಚಲೂ ಇಲ್ಲ. ತಾಯಮ್ಮತ್ತೆ ಮತ್ತು ಅವ್ವ ಇಂದಿಗೂ ಬೇಲಿಯ ಹತ್ತಿರ ನಿಂತು ಮಾತನಾಡುತ್ತಾರೆ. ಆದರೆ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿದಿಲ್ಲ. ಈಗ ಬಾಡಿಗೆ ಯಂತ್ರ ಬಂದು ಒಂದು ಗಂಟೆಯಲ್ಲಿ ರಾಗಿಯನ್ನು ನೇರ ಚೀಲಕ್ಕೆ ಸುರಿದು ಹೋಗುತ್ತದೆ. ರಾಶಿ ಇಲ್ಲ, ಕಾಯುವವರಿಲ್ಲ, ಅನುಮಾನ ಪಡಲು ಯಾರೂ ಬರುವುದಿಲ್ಲ. ಮೊದಲ ಮೊರ ಯಾರಿಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮೊದಲ ಚೀಲ ಗಿರಣಿಗೆ ಹೋಗುತ್ತದೆ.